ಒಂದು ‘ರನ್’, ಆರುನೂರಕ್ಕೂ ಜಾಸ್ತಿ ಅರ್ಥ: ಇಷ್ಟೆಲ್ಲ ಎಲ್ಲಿಂದ ಬಂತು?

ಇಂಗ್ಲಿಷ್ ಕಲಿಯಲು ಶುರು ಮಾಡಿದ ಮಗುವಿಗೆ ಮೊದಮೊದಲು ಸಿಗುವ ಪದಗಳಲ್ಲಿ ‘ರನ್’ ಒಂದು. ರನ್ ಅಂದರೆ ಓಡು. ಅಷ್ಟೇ ಅಲ್ವಾ? ಆದರೆ ಅದೇ ಮಗು ನಾಲ್ಕು ವರ್ಷ ಬಿಟ್ಟು ಇಂಗ್ಲಿಷ್ ಪೇಪರ್ ಹಿಡಿದು ಕೂತರೆ ತಲೆ ಕೆಡುತ್ತದೆ. ಒಬ್ಬರು ಹೋಟೆಲ್ ‘ರನ್’ ಮಾಡುತ್ತಾರೆ, ಇನ್ನೊಬ್ಬರು ಅಧ್ಯಕ್ಷ ಪದವಿಗೆ ‘ರನ್’ ಮಾಡುತ್ತಾರೆ, ನಲ್ಲಿ ನೀರು ‘ರನ್’ ಆಗುತ್ತದೆ, ನೆಗಡಿಯಾದವರ ಮೂಗು ‘ರನ್’ ಆಗುತ್ತದೆ, ಹೊಸ ಬಟ್ಟೆ ನೆನೆಸಿದರೆ ಬಣ್ಣವೂ ‘ರನ್’ ಆಗುತ್ತದೆ. ಹೆದ್ದಾರಿ ಊರಿನ ಪಕ್ಕ ‘ರನ್’ ಆಗುತ್ತದೆ, ಅದೂ ನಿಂತಲ್ಲೇ ನಿಂತುಕೊಂಡು. ಇಷ್ಟರಲ್ಲಿ ಎಲ್ಲೂ ಯಾರೂ ಕಾಲೆತ್ತಿ ಓಡಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥ ಇದ್ದ ಪದ ‘ಸೆಟ್’. ಕ್ರಿಯಾಪದವಾಗಿ ಅದಕ್ಕೆ 430 ಅರ್ಥ, ಅದನ್ನೆಲ್ಲ ವಿವರಿಸಲು ಸುಮಾರು 60,000 ಪದ. ಆಮೇಲೆ ಮೂರನೇ ಆವೃತ್ತಿಗಾಗಿ ನಿಘಂಟನ್ನು ಪರಿಷ್ಕರಿಸುತ್ತಾ ‘ರನ್’ ಹತ್ತಿರ ಬಂದಾಗ ಲೆಕ್ಕ ಬದಲಾಯಿತು. ಪೀಟರ್ ಗಿಲಿವರ್ ಎಂಬ ಸಂಪಾದಕರು ಆ ಒಂದೇ ಪದದ ಮೇಲೆ ಒಂಬತ್ತು ತಿಂಗಳು ಕೂತರು. ಕ್ರಿಯಾಪದಕ್ಕೇ 645 ಅರ್ಥ ಬಂತು. ನಾಮಪದ ಬೇರೆ.

ಈ ಅಂಕಿ ನೋಡಿ ಗಾಬರಿ ಬೇಡ. ಅರ್ಥಗಳನ್ನು ಎಣಿಸುವುದು ಮಾವಿನಹಣ್ಣು ಎಣಿಸಿದ ಹಾಗಲ್ಲ. ಬಸ್ಸು ಓಡುವುದು ಒಂದು ಅರ್ಥ, ಹಡಗು ಓಡುವುದು ಇನ್ನೊಂದು ಅರ್ಥ ಅಂತ ಬೇರೆ ಮಾಡಬಹುದು. ಎರಡೂ ಒಂದೇ ಅಂತಲೂ ಹೇಳಬಹುದು. ಎಷ್ಟು ಸಣ್ಣಗೆ ಸೀಳುತ್ತೀರಿ ಅನ್ನುವುದರ ಮೇಲೆ ಲೆಕ್ಕ ನಿಲ್ಲುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಬಳಕೆಗೆ ಅಂತ ಕಟ್ಟಿದ ವರ್ಡ್‌ನೆಟ್ ಎಂಬ ಪದಕೋಶ ಅದೇ ಕ್ರಿಯಾಪದಕ್ಕೆ 41 ಅರ್ಥ ಮಾತ್ರ ಕೊಡುತ್ತದೆ. ಆಕ್ಸ್‌ಫರ್ಡ್‌ನವರದ್ದು ಚರಿತ್ರೆಯ ನಿಘಂಟು. ಸಾವಿರ ವರ್ಷದಲ್ಲಿ ಜನ ಆ ಪದವನ್ನು ಹೇಗೆಲ್ಲ ಬಳಸಿದರೋ ಎಲ್ಲವನ್ನೂ, ಈಗ ಸತ್ತುಹೋದ ಬಳಕೆಯನ್ನೂ, ಅವರು ದಾಖಲಿಸುತ್ತಾರೆ. ಹಾಗಾಗಿ 645ನ್ನು ಬಾಯಿಪಾಠ ಮಾಡಬೇಕಾದವರು ಯಾರೂ ಇಲ್ಲ. ನಮಗೆ ಬೇಕಾದ್ದು ಬೇರೆ: ಈ ಅರ್ಥಗಳು ಒಂದರಿಂದ ಒಂದು ಹೇಗೆ ಹುಟ್ಟಿದವು ಅನ್ನುವ ದಾರಿ. ಅದು ಗೊತ್ತಾದರೆ ಹೊಸದೊಂದು ‘ರನ್’ ಎದುರಾದಾಗ ನಿಘಂಟು ತೆಗೆಯದೆಯೇ ಊಹಿಸಬಹುದು.

ಅದಕ್ಕೂ ಮೊದಲು ಒಂದು ವ್ಯತ್ಯಾಸ. ಕನ್ನಡದಲ್ಲಿ ‘ಓಡು’ ಅಂದರೆ ಓಡುವ ಕೆಲಸ. ಆಮೆಯ ಬೆನ್ನ ಮೇಲಿರುವುದೂ ‘ಓಡು’. ಇವೆರಡಕ್ಕೂ ಸಂಬಂಧವಿಲ್ಲ, ಸದ್ದು ಮಾತ್ರ ಒಂದೇ ಆಗಿ ಕೂತಿದೆ. ಇಂಗ್ಲಿಷಿನಲ್ಲಿ ಹಣ ಇಡುವ ಬ್ಯಾಂಕ್ ಮತ್ತು ನದಿಯ ದಡ ಎಂಬ ಅರ್ಥದ ಬ್ಯಾಂಕ್ ಇವೆಯಲ್ಲ, ತೀರಾ ಹಿಂದೆ ಹೋದರೆ ಅವುಗಳ ಮೂಲ ಒಂದೇ ಆದರೂ ನಿಘಂಟು ಅವನ್ನು ಬೇರೆ ಬೇರೆ ಪದ ಅಂತಲೇ ಇಡುತ್ತದೆ. ‘ರನ್’ ಹಾಗಲ್ಲ. ಮೂಗಿನ ರನ್ನೂ ಹೋಟೆಲ್ಲಿನ ರನ್ನೂ ಒಂದೇ ಬೇರಿನವು.

ಬೇರು ಎಲ್ಲಿದೆ ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ರಿನ್ನನ್’, ಅಕ್ಷರ ಹಿಂದುಮುಂದಾಗಿ ‘ಇಯರ್ನನ್’ ಅಂತಲೂ ಇತ್ತು. ಮನುಷ್ಯ ಓಡುವುದಕ್ಕೂ ನೀರು ಹರಿಯುವುದಕ್ಕೂ ಅದೇ ಪದ. ಅದರ ಸೋದರ ಭಾಷೆ ಜರ್ಮನ್ ಇವತ್ತಿಗೂ ಇವೆರಡನ್ನು ಬೇರೆ ಇಟ್ಟುಕೊಂಡಿದೆ: ಓಡುವುದಕ್ಕೆ ‘ರೆನ್ನೆನ್’, ನೀರು ಹರಿಯುವುದಕ್ಕೆ ‘ರಿನ್ನೆನ್’. ಇಂಗ್ಲಿಷಿನಲ್ಲಿ ಎಲ್ಲ ಸೇರಿ ಒಂದೇ ಆಯಿತು. ಇದನ್ನು ನೆನಪಿಡಿ, ಯಾಕೆಂದರೆ ತುಂಬಾ ಜನ ‘ನದಿ ರನ್ ಆಗುತ್ತದೆ’ ಅನ್ನುವುದನ್ನು ಕವಿಗಳ ಅಲಂಕಾರ ಅಂದುಕೊಳ್ಳುತ್ತಾರೆ. ಅಲ್ಲ. ನೀರಿನ ಅರ್ಥ ಕಾಲಿನ ಅರ್ಥದಷ್ಟೇ ಹಳೆಯದು. ಮೂಗು, ನಲ್ಲಿ, ಕರಗಿದ ಮೇಣ, ಬಣ್ಣ ಬಿಡುವ ಬಟ್ಟೆ ಎಲ್ಲ ಈ ನೀರಿನ ಕವಲಿಗೆ ಸೇರಿದವು. ದ್ರವ ಇದ್ದಲ್ಲಿ ‘ರನ್’ ಕಂಡರೆ ಹರಿ, ಸೋರು, ಇಳಿ, ಬಿಡು, ಇಷ್ಟರಲ್ಲಿ ಒಂದು ಹೊಂದಿಯೇ ಹೊಂದುತ್ತದೆ.

ನಮ್ಮಲ್ಲೂ ಈ ದಾಟುವಿಕೆ ಇಲ್ಲದೇ ಇಲ್ಲ. ‘ಲಾರಿ ಹರಿದು ಇಬ್ಬರ ಸಾವು’ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅಲ್ಲಿ ಲಾರಿಯೇನು ನೀರಲ್ಲ, ಆದರೂ ಹರಿಯಿತು. ಇಂಗ್ಲಿಷಿನವರು ಅಲ್ಲಿ ‘ರನ್ ಓವರ್’ ಅನ್ನುತ್ತಾರೆ. ಎರಡು ಭಾಷೆಗಳು ಒಬ್ಬರನ್ನೊಬ್ಬರು ಕೇಳದೆ ಒಂದೇ ಕಡೆ ಬಂದು ನಿಂತಿವೆ.

ಇನ್ನು ಎರಡನೆಯ ಕವಲು, ನನ್ನ ಮಟ್ಟಿಗೆ ಇದೇ ಮುಖ್ಯ ಕೀಲಿ. ಕನ್ನಡದಲ್ಲಿ ಓಡು, ಓಡಿಸು. ನಡೆ, ನಡೆಸು. ಹರಿ, ಹರಿಸು. ತಾನೇ ಮಾಡುವುದು ಬೇರೆ, ಇನ್ನೊಂದರಿಂದ ಮಾಡಿಸುವುದು ಬೇರೆ, ನಡುವೆ ‘ಇಸು’ ಅನ್ನುವ ಸಣ್ಣ ಪ್ರತ್ಯಯ ಬಂದು ವ್ಯತ್ಯಾಸ ಹೇಳಿಬಿಡುತ್ತದೆ. ಹಳೆಯ ಇಂಗ್ಲಿಷಿನಲ್ಲೂ ಮಾಡಿಸುವ ಅರ್ಥಕ್ಕೆ ಬೇರೆ ರೂಪ ಇತ್ತು. ಕಾಲ ಕಳೆದ ಹಾಗೆ ಆ ರೂಪವೂ ‘ರನ್’ ಒಳಗೇ ಕರಗಿತು. ಪರಿಣಾಮ ಏನಾಯಿತು ಅಂದರೆ ಒಂದೇ ಪದ ಎರಡು ಕೆಲಸ ಮಾಡಬೇಕಾಯಿತು. ಕುದುರೆ ‘ರನ್’ ಮಾಡುತ್ತದೆ, ಅಂದರೆ ಓಡುತ್ತದೆ. ಅದರ ಯಜಮಾನ ಕುದುರೆಯನ್ನು ‘ರನ್’ ಮಾಡುತ್ತಾನೆ, ಅಂದರೆ ಓಡಿಸುತ್ತಾನೆ. ಎಂಜಿನ್ ರನ್ ಆಗುತ್ತದೆ, ನೀವು ಎಂಜಿನ್ ರನ್ ಮಾಡುತ್ತೀರಿ. ಅಂಗಡಿ ನಡೆಸುವುದು, ಶಾಲೆ ನಡೆಸುವುದು, ದೇಶ ನಡೆಸುವುದು, ಸ್ನಾನಕ್ಕೆ ನೀರು ಬಿಡುವುದು, ಪೇಪರಿನಲ್ಲಿ ಜಾಹೀರಾತು ಹಾಕುವುದು, ಕೂದಲಲ್ಲಿ ಬೆರಳಾಡಿಸುವುದು, ಪರೀಕ್ಷೆಗೆ ರಕ್ತ ಕೊಟ್ಟರೆ ಲ್ಯಾಬಿನವರು ಅದರ ಮೇಲೆ ಟೆಸ್ಟ್ ಮಾಡುವುದು, ಎಲ್ಲಕ್ಕೂ ಇಂಗ್ಲಿಷಿನಲ್ಲಿ ‘ರನ್’ ಸಲ್ಲುತ್ತದೆ. ಎಲ್ಲದರ ಒಳಗೂ ಒಂದು ‘ಇಸು’ ಅಡಗಿದೆ. ಹಾಗಾಗಿ ‘ರನ್’ ನಂತರ ಕರ್ಮಪದ ಬಂತಾ ನೋಡಿ. ಬಂದಿದ್ದರೆ ಮೊದಲು ಓಡಿಸು, ನಡೆಸು, ಹರಿಸು, ಆಡಿಸು ಇವುಗಳಲ್ಲಿ ಯಾವುದು ಒಪ್ಪುತ್ತದೆ ಅಂತ ಯೋಚಿಸಿ. ಇಷ್ಟಕ್ಕೇ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಮೂರನೆಯದು ಅಲುಗಾಡದ ವಸ್ತುಗಳ ಓಟ. ರಸ್ತೆ, ಬೇಲಿ, ಗಡಿ, ತಂತಿ, ಬೆಟ್ಟಸಾಲು ಇವೆಲ್ಲ ಇಂಗ್ಲಿಷಿನಲ್ಲಿ ‘ರನ್’ ಆಗುತ್ತವೆ. ನಿಜವಾಗಿ ಚಲಿಸುವುದು ನಮ್ಮ ಕಣ್ಣು, ಅಥವಾ ಮನಸ್ಸು. ರಾಷ್ಟ್ರೀಯ ಹೆದ್ದಾರಿ 48 ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ಹಾದು ಬೆಳಗಾವಿಗೆ ಹೋಗುತ್ತದೆ ಅಂತ ನಾವೂ ಹೇಳುತ್ತೇವೆ. ಹೆದ್ದಾರಿ ಎಲ್ಲಿಗೂ ಹೋಗಿಲ್ಲ. ‘ಈ ದಾರಿ ಎಲ್ಲಿಗೆ ಹೋಗುತ್ತೆ’ ಅಂತ ಕೇಳಿದಾಗ ಯಾರೂ ನಗುವುದಿಲ್ಲ. ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಇಂಥದ್ದನ್ನು ಕಲ್ಪಿತ ಚಲನೆ ಅನ್ನುವ ಅರ್ಥದ ಹೆಸರಿನಿಂದ ಕರೆದಿದ್ದಾರೆ. ಜಾಗದಲ್ಲಿ ಹೀಗೆ ಉದ್ದಕ್ಕೆ ಚಾಚಿದ್ದು ಕಾಲದಲ್ಲೂ ಚಾಚಬಹುದು. ಕರಾರು ಮೂರು ವರ್ಷ ‘ರನ್’ ಆಗುತ್ತದೆ, ಅಂದರೆ ಜಾರಿಯಲ್ಲಿರುತ್ತದೆ. ಸಿನಿಮಾ ನೂರು ದಿನ ‘ರನ್’ ಆಗುತ್ತದೆ. ಇಲ್ಲಿ ನಮ್ಮದೂ ಅದೇ ಪದ, ನೂರು ದಿನ ಓಡಿತು ಅನ್ನುತ್ತೇವೆ. ಪೀಳಿಗೆಗಳ ಉದ್ದಕ್ಕೂ ಚಾಚಿದರೆ ‘ರನ್ಸ್ ಇನ್ ದ ಫ್ಯಾಮಿಲಿ’. ಸಕ್ಕರೆ ಕಾಯಿಲೆ ಇರಲಿ ಸಂಗೀತ ಇರಲಿ, ಅವರ ಮನೆತನದಲ್ಲೇ ಬಂದಿದ್ದು ಅನ್ನುವ ಮಾತಿಗೆ ಇಂಗ್ಲಿಷ್ ಹೇಳುವ ರೀತಿ ಅದು.

‘ಸೆಟ್’ ಹಿಂದೆ ಬಿದ್ದು ‘ರನ್’ ಮುಂದೆ ಬಂದದ್ದಕ್ಕೆ ಒಂದು ದೊಡ್ಡ ಕಾರಣ ಯಂತ್ರಗಳು. ಉಗಿಯಂತ್ರ, ಗಡಿಯಾರ, ರೈಲು, ಕಾರು, ಫ್ಯಾನು, ಆಮೇಲೆ ಕಂಪ್ಯೂಟರು. ಬರಬರುತ್ತಾ ನಿಲ್ಲದೆ ಕೆಲಸ ಮಾಡುವ ಪ್ರತಿಯೊಂದು ಹೊಸ ವಸ್ತುವಿಗೂ ಇಂಗ್ಲಿಷ್ ಇದೇ ಪದ ಕೊಟ್ಟಿತು. ಚಕ್ರ ತಿರುಗುವ ಯಂತ್ರಕ್ಕಾದರೆ ಓಟದ ಹೋಲಿಕೆ ಕಾಣುತ್ತದೆ. ಸಾಫ್ಟ್‌ವೇರಿನಲ್ಲಿ ತಿರುಗುವ ಚಕ್ರವೂ ಇಲ್ಲ, ಆದರೂ ಪ್ರೋಗ್ರಾಂ ರನ್ ಆಗುತ್ತದೆ. ಸ್ಥಳ ಬದಲಾಯಿಸುವ ಅರ್ಥ ಹೋಗಿ, ನಿಲ್ಲದೆ ಸಾಗುವ ಅರ್ಥ ಮಾತ್ರ ಉಳಿಯಿತು. ಈ ಅರ್ಥ ಕನ್ನಡದೊಳಗೂ ನೇರ ಬಂದಿದೆ: ‘ಗಾಡಿ ರನ್ನಿಂಗ್ ಕಂಡೀಷನ್‌ನಲ್ಲಿದೆ’ ಅಂತ ಗ್ಯಾರೇಜಿನಲ್ಲಿ ಹೇಳಿದರೆ ಗಾಡಿ ನಿಂತಿದ್ದರೂ ಅದರ ಅರ್ಥ ಎಲ್ಲರಿಗೂ ಗೊತ್ತು.

ಕ್ರಿಕೆಟ್ಟಿನ ರನ್ ಕೂಡ ಇದೇ ಥರ ಕಾಲಿನಿಂದ ಬಿಡಿಸಿಕೊಂಡಿತು. ಶುರುವಿನಲ್ಲಿ ಅದು ನಿಜವಾದ ಓಟ, ಒಂದು ತುದಿಯಿಂದ ಇನ್ನೊಂದು ತುದಿಗೆ. ಆಮೇಲೆ ಓಟದ ಲೆಕ್ಕದ ಹೆಸರೂ ಅದೇ ಆಯಿತು. ಈಗ ಸಿಕ್ಸರ್ ಹೊಡೆದು ಬ್ಯಾಟ್ ಊರಿ ನಿಂತವರಿಗೂ ಆರು ರನ್ ಬರುತ್ತದೆ.

ಚುನಾವಣೆಯ ವಿಷಯಕ್ಕೆ ಬಂದರೆ ಮಜಾ ಇದೆ. ಅಮೆರಿಕದಲ್ಲಿ ಅಭ್ಯರ್ಥಿ ಪದವಿಗಾಗಿ ‘ರನ್’ ಮಾಡುತ್ತಾರೆ, ಅಲ್ಲಿ ಚುನಾವಣೆ ಒಂದು ಓಟದ ಪಂದ್ಯ. ಬ್ರಿಟನ್ನಿನಲ್ಲಿ ಅದಕ್ಕೆ ‘ಸ್ಟ್ಯಾಂಡ್’ ಅನ್ನುವುದು ವಾಡಿಕೆ, ಅಂದರೆ ನಿಲ್ಲು. ನಾವು ಎರಡನ್ನೂ ಬಿಟ್ಟಿಲ್ಲ, ಮಾತಿನಲ್ಲಿ ‘ಎಲೆಕ್ಷನ್ನಿಗೆ ನಿಂತಿದ್ದಾರೆ’ ಅನ್ನುತ್ತೇವೆ, ಪೇಪರಿನಲ್ಲಿ ‘ಕಣಕ್ಕಿಳಿದಿದ್ದಾರೆ’, ‘ಸ್ಪರ್ಧಿಸುತ್ತಿದ್ದಾರೆ’ ಅಂತ ಬರೆಯುತ್ತೇವೆ. ಭಾರತದ ಇಂಗ್ಲಿಷಿನಲ್ಲಿ ‘ಕಂಟೆಸ್ಟ್’ ಜಾಸ್ತಿ ಬಳಕೆಯಲ್ಲಿದೆ. ಇಲ್ಲಿ ಗಮನಿಸಿ: ನಿಲ್ಲುವುದು ಮತ್ತು ಓಡುವುದು ಬೇರೆಲ್ಲ ಕಡೆ ವಿರುದ್ಧ ಪದಗಳು. ಚುನಾವಣೆಯ ಅರ್ಥದಲ್ಲಿ ಮಾತ್ರ ‘ರನ್’ ಮತ್ತು ‘ಸ್ಟ್ಯಾಂಡ್’ ಸಮಾನಾರ್ಥಕ ಪದಗಳು.

ಈ ಒಂದು ಉದಾಹರಣೆಯಲ್ಲೇ ಸಮಾನಾರ್ಥಕಗಳ ಇಡೀ ವಿಷಯ ಇದೆ. ‘ರನ್’ಗೆ ಸಮಾನಾರ್ಥಕ ಪದ ಯಾವುದು ಅಂತ ಯಾರಾದರೂ ಕೇಳಿದರೆ, ತಿರುಗಿ ಕೇಳಬೇಕಾದ್ದು ‘ಯಾವ ರನ್?’ ಅಂತ. ಸಮಾನಾರ್ಥಕ ಇರುವುದು ಅರ್ಥಕ್ಕೆ. ಹೋಟೆಲ್ ವಿಷಯದಲ್ಲಿ ‘ಮ್ಯಾನೇಜ್’ ಸರಿ. ಎಂಜಿನ್ ವಿಷಯದಲ್ಲಿ ‘ವರ್ಕ್’, ‘ಆಪರೇಟ್’. ನೀರಿಗೆ ‘ಫ್ಲೋ’. ಕರಾರಿಗೆ ‘ಲಾಸ್ಟ್’. ಲೇಖನಕ್ಕೆ ‘ಪಬ್ಲಿಷ್’. ಇವು ‘ರನ್’ ಜಾಗದಲ್ಲಿ ಕೂರಬಲ್ಲವು, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರಲಾರದು. ನದಿ ‘ಮ್ಯಾನೇಜ್’ ಆಗುತ್ತದೆ ಅಂತ ಬರೆದರೆ ನಿಮಗೇ ಗೊತ್ತಾಗುತ್ತದೆ. ಮಕ್ಕಳು ಆನ್‌ಲೈನ್ ಪಟ್ಟಿಯಿಂದ ಒಂದು ‘ದೊಡ್ಡ ಪದ’ ಎತ್ತಿ ಪ್ರಬಂಧದಲ್ಲಿ ಇಡುವಾಗ ಕೆಡುವುದು ಇಲ್ಲಿಯೇ. ಪಟ್ಟಿಯಲ್ಲಿ ಐವತ್ತು ಪದ ಒಟ್ಟಿಗೆ ಸುರಿದಿರುತ್ತದೆ, ಯಾವುದು ಯಾವ ಅರ್ಥದ್ದು ಅಂತ ನೋಡಲು ಯಾರೂ ಹೇಳಿಕೊಟ್ಟಿರುವುದಿಲ್ಲ. ಇದನ್ನು ಶಾಲೆಯಲ್ಲೇ ಹೇಳಿಕೊಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಸಮಾನಾರ್ಥಕ ಕೋಶ ಕಟ್ಟಿದ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಪೀಟರ್ ಮಾರ್ಕ್ ರೊಜೆ ಎಂಬ ವೈದ್ಯರು 1852ರಲ್ಲಿ ಲಂಡನ್ನಿನಲ್ಲಿ ತಮ್ಮ ಥಿಸಾರಸ್ ಹೊರತಂದಾಗ ಪದಗಳನ್ನು ಅಕ್ಷರಾನುಕ್ರಮದಲ್ಲಿ ಇಡಲಿಲ್ಲ. ಲೋಕದ ವಿಚಾರಗಳನ್ನೆಲ್ಲ ಸಾವಿರ ತಲೆಬರಹಗಳಾಗಿ ವಿಂಗಡಿಸಿ, ಒಂದೊಂದರ ಕೆಳಗೂ ಆ ವಿಚಾರದ ಪದಗಳನ್ನು ಸೇರಿಸಿದರು. ಮೊದಲು ಅರ್ಥ, ಆಮೇಲೆ ಪದ. ನಮ್ಮ ಕಡೆ ಇದು ಹೊಸದೇನಲ್ಲ. ಅಮರಸಿಂಹನ ಸಂಸ್ಕೃತ ಕೋಶ ಅದಕ್ಕಿಂತ ಎಷ್ಟೋ ಶತಮಾನ ಮೊದಲಿನದು, ಅದೂ ವಿಷಯವಾರು: ನೀರಿನ ಪದಗಳು ವಾರಿವರ್ಗದಲ್ಲಿ, ಗಿಡಮೂಲಿಕೆಗಳು ವನೌಷಧಿವರ್ಗದಲ್ಲಿ. ಆಮೇಲೆ ಮೂರನೇ ಕಾಂಡದಲ್ಲಿ ನಾನಾರ್ಥವರ್ಗ ಅಂತಲೇ ಒಂದು ಭಾಗ ಇದೆ, ಒಂದೇ ಪದಕ್ಕೆ ಹಲವು ಅರ್ಥ ಇರುವವು ಅಲ್ಲಿ ಬರುತ್ತವೆ. ‘ಹರಿ’ ಪದ ನೋಡಿ. ಯಮ, ಗಾಳಿ, ಇಂದ್ರ, ಚಂದ್ರ, ಸೂರ್ಯ, ವಿಷ್ಣು, ಸಿಂಹ, ಕಿರಣ, ಕುದುರೆ, ಗಿಳಿ, ಹಾವು, ಕೋತಿ, ಕಪ್ಪೆ, ಹದಿಮೂರು ಅರ್ಥವನ್ನು ಒಂದೇ ಶ್ಲೋಕದಲ್ಲಿ ಕೂರಿಸಿದ್ದಾನೆ. ಒಂದು ಅರ್ಥಕ್ಕೆ ಹಲವು ಪದ, ಒಂದು ಪದಕ್ಕೆ ಹಲವು ಅರ್ಥ, ಎರಡಕ್ಕೂ ಬೇರೆ ಬೇರೆ ಜಾಗ ಕೊಟ್ಟ ಆ ಯೋಚನೆಯನ್ನು ನಾನು ತುಂಬಾ ಮೆಚ್ಚುತ್ತೇನೆ.

ಒಂದೇ ಅರ್ಥದೊಳಗೆ ಇಳಿದರೂ ಪದಗಳು ಪೂರ್ತಿ ಸಮ ಇರುವುದಿಲ್ಲ. ಕಾಲಿನ ಓಟವನ್ನೇ ತಗೊಳ್ಳಿ. ‘ಜಾಗ್’ ಅಂದರೆ ಆರೋಗ್ಯಕ್ಕೆ ಅಂತ ನಿಧಾನಕ್ಕೆ ಓಡುವುದು. ‘ಸ್ಪ್ರಿಂಟ್’ ಅಂದರೆ ಇರುವ ಶಕ್ತಿಯೆಲ್ಲ ಹಾಕಿ ಸ್ವಲ್ಪ ದೂರ. ‘ಡ್ಯಾಶ್’ನಲ್ಲಿ ಅವಸರ ಇದೆ, ಹಾಲು ಉಕ್ಕುತ್ತಿದೆ ಅಂತ ಅಡುಗೆಮನೆಗೆ ಓಡುವ ಓಟ. ‘ಸ್ಕರಿ’ ಇಲಿಗೆ, ಸಣ್ಣ ಹೆಜ್ಜೆಯ ಗಡಿಬಿಡಿಗೆ. ‘ಸ್ಕ್ಯಾಂಪರ್’ ಅಳಿಲಿಗೆ, ಆಡುವ ಮಕ್ಕಳಿಗೆ. ‘ಬೋಲ್ಟ್’ ಬೆದರಿದ ಕುದುರೆಗೆ. ಓಡಿಹೋಗುವುದಾದರೆ ‘ಫ್ಲೀ’ಯಲ್ಲಿ ಭಯ ಇದೆ, ‘ಅಬ್‌ಸ್ಕಾಂಡ್’ನಲ್ಲಿ ಪೊಲೀಸ್ ಕೇಸಿನ ವಾಸನೆ ಇದೆ. ಕನ್ನಡ ಇಲ್ಲಿ ಏನೂ ಕಡಿಮೆಯಿಲ್ಲ: ಧಾವಿಸು, ದೌಡಾಯಿಸು, ಓಟ ಕೀಳು, ಕಾಲಿಗೆ ಬುದ್ಧಿ ಹೇಳು, ಪೇರಿ ಕೀಳು, ಕಂಬಿ ಕೀಳು, ಪರಾರಿಯಾಗು, ತಲೆಮರೆಸಿಕೊಳ್ಳು. ಸಚಿವರು ಅಪಘಾತದ ಜಾಗಕ್ಕೆ ಧಾವಿಸುತ್ತಾರೆ, ಕಳ್ಳ ಕಾಲಿಗೆ ಬುದ್ಧಿ ಹೇಳುತ್ತಾನೆ. ಅದಲು ಬದಲು ಮಾಡಿ ನೋಡಿ, ಸಚಿವರು ಕಾಲಿಗೆ ಬುದ್ಧಿ ಹೇಳಿದರು ಅಂದರೆ ಸುದ್ದಿಯೇ ಬೇರೆ ಆಗುತ್ತದೆ.

ಇಂಗ್ಲಿಷಿನಲ್ಲಿ ಇನ್ನೊಂದು ಪದರ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಡಳಿತಕ್ಕೆ ಫ್ರೆಂಚ್ ಬಂತು, ವಿದ್ಯೆಗೆ ಲ್ಯಾಟಿನ್ ಇದ್ದೇ ಇತ್ತು. ಹಾಗಾಗಿ ಮನೆಮಾತಿನ ಗಿಡ್ಡ ಪದ ಒಂದು, ಕಚೇರಿಯ ಉದ್ದ ಪದ ಒಂದು ಅಂತ ಜೋಡಿಗಳು ಹುಟ್ಟಿದವು. ಗ್ಯಾಸ್ ಖಾಲಿಯಾದರೆ ಮಾತಿನಲ್ಲಿ ‘ರನ್ ಔಟ್’. ವರದಿಯಲ್ಲಿ ‘ಎಕ್ಸಾಸ್ಟೆಡ್’, ‘ಡಿಪ್ಲೀಟೆಡ್’. ದಾರಿಯಲ್ಲಿ ಹಳೆಯ ಗೆಳೆಯ ಸಿಕ್ಕರೆ ‘ರನ್ ಇನ್‌ಟು’, ಬರಹದಲ್ಲಿ ‘ಎನ್‌ಕೌಂಟರ್’. ಅರ್ಥ ಹತ್ತಿರ, ಗತ್ತು ಬೇರೆ. ನಮ್ಮಲ್ಲಿ ‘ಊಟ ಮಾಡು’ ಮತ್ತು ‘ಭೋಜನ ಸ್ವೀಕರಿಸು’ ಇದ್ದ ಹಾಗೆ.

ಹೀಗೆ ಔಟ್, ಇನ್‌ಟು, ಓವರ್, ಡೌನ್, ಅಪ್, ಥ್ರೂ ಸೇರಿಕೊಂಡ ಜೋಡಿಗಳನ್ನು ಮಾತ್ರ ನಾನು ಊಹೆಗೆ ಬಿಡುವುದಿಲ್ಲ. ಅವನ್ನು ಒಂದೊಂದು ಸ್ವತಂತ್ರ ಪದ ಅಂತಲೇ ಕಲಿಯುವುದು ಒಳ್ಳೆಯದು. ಸಾಲ ಬೆಳೆದರೆ ‘ರನ್ ಅಪ್’, ಬೌಲರ್ ಓಡಿ ಬರುವುದೂ ‘ರನ್ ಅಪ್’. ಮೀಟಿಂಗ್ ‘ರನ್ ಓವರ್’ ಆದರೆ ಹೊತ್ತು ಮೀರಿತು ಅಷ್ಟೇ, ಯಾರಿಗೂ ಪೆಟ್ಟಾಗಿಲ್ಲ.

ಉಳಿದ ಕಡೆ ಪಕ್ಕದ ಪದ ಕೈ ಕೊಡುವುದಿಲ್ಲ. ಯಾರು ಅಥವಾ ಯಾವುದು ‘ರನ್’ ಮಾಡುತ್ತಿದೆ, ಏನನ್ನು ಮಾಡುತ್ತಿದೆ, ಈ ಎರಡು ನೋಡಿದರೆ ಸಾಕು. ಪದವನ್ನು ಅದರ ಸಹವಾಸದಿಂದ ಗುರುತಿಸಬೇಕು ಅಂತ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಹೇಳಿದ್ದು ಇದನ್ನೇ, ಇವತ್ತಿನ ಅನುವಾದ ಯಂತ್ರಗಳೂ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿವೆ. ಪಕ್ಕದಲ್ಲಿ ಬ್ಯಾಂಕ್ ಇದೆ ಅನ್ನಿ. ಒಬ್ಬರು ಬ್ಯಾಂಕನ್ನು ‘ರನ್’ ಮಾಡಿದರೆ ನಡೆಸುವುದು. ‘ರನ್ ಆನ್ ದ ಬ್ಯಾಂಕ್’ ಅಂದರೆ ಬ್ಯಾಂಕ್ ಮುಳುಗುತ್ತದೆ ಅನ್ನುವ ಭಯದಿಂದ ಜನ ಹಣ ತೆಗೆಯಲು ಮುಗಿಬೀಳುವುದು. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಗ್ರಾಹಕರು ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ತೆಗೆಯಲು ನೋಡಿದರು, ಮರುದಿನ ಬ್ಯಾಂಕ್ ಮುಚ್ಚಿತು. ಹೆಚ್ಚಿನವರು ಕೂತಲ್ಲಿಂದಲೇ ಫೋನು, ಕಂಪ್ಯೂಟರಿನಲ್ಲಿ ಹಣ ವರ್ಗಾಯಿಸುತ್ತಿದ್ದರು. ಆದರೂ ಅದಕ್ಕೆ ಹೆಸರು ‘ರನ್’.

ಇಂಗ್ಲಿಷ್ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಬೆಂಗಳೂರಿಗೆ ಹೊಸದಾಗಿ ಬಂದು ಕನ್ನಡ ಕಲಿಯುತ್ತಿರುವವರು ‘ಹಿಡಿ’ ಅಂದರೇನು ಅಂತ ಕೇಳಿದರೆ ಏನು ಹೇಳುತ್ತೀರಿ? ಬಸ್ ಹಿಡಿಯುತ್ತೇವೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಳೆ ಹಿಡಿದರೆ ಬಿಡುವುದಿಲ್ಲ, ಡ್ರಮ್ಮಿನಲ್ಲಿ ನೀರು ಹಿಡಿದಿಡುತ್ತೇವೆ, ಕೆಲಸ ಎರಡು ದಿನ ಹಿಡಿಯುತ್ತದೆ, ಚೀಲದಲ್ಲಿ ಹತ್ತು ಕೆಜಿ ಹಿಡಿಯುತ್ತದೆ, ಸಂಬಳದಲ್ಲಿ ದುಡ್ಡು ಹಿಡಿದುಕೊಳ್ಳುತ್ತಾರೆ, ಮದುವೆಯಾಗುವವರು ಕೈ ಹಿಡಿಯುತ್ತಾರೆ. ಒಂದಕ್ಕೆ ಇಂಗ್ಲಿಷಿನಲ್ಲಿ ‘ಕ್ಯಾಚ್’, ಇನ್ನೊಂದಕ್ಕೆ ‘ಟೇಕ್’, ಮತ್ತೊಂದಕ್ಕೆ ‘ಹೋಲ್ಡ್’, ಸಂಬಳದ್ದಕ್ಕೆ ‘ಡಿಡಕ್ಟ್’. ಅವರಿಗೂ ಮೊದಲು ಕೇಳಬೇಕಾದ್ದು ಅದೇ, ಯಾವ ‘ಹಿಡಿ’ ಅಂತ.